ಮಲಗದ ಪಟ್ಟದ ಗೊಂಬೆ

ಜಪಾನಿನ ಮಿನಾಟೋದಲ್ಲಿದ್ದ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಮೇಲಿನ ಮಹಡಿಯಲ್ಲಿ, ತಾರ್ವಿಯಾ ದೇಶದ ರಾಯಭಾರಿಯ ಹೆಂಡತಿ ಸೆಲ್ಮಾ ಇದ್ದಳು. ಔತಣದಲ್ಲಿ ಅವಳು ಯಾರನ್ನು ಅಡುಗೆಮನೆ ಬಾಗಿಲ ಪಕ್ಕ ಕೂರಿಸುತ್ತಾಳೋ, ತಾರ್ವಿಯಾದ ರಾಜಧಾನಿಯಲ್ಲಿ ಆ ಮನುಷ್ಯನ ಕಾಲ ಮುಗಿಯಿತೆಂದೇ ಅರ್ಥ. ನನ್ನ ರೇಷ್ಮೆಸೀರೆ ಕಳೆ ಕೊಡುತ್ತದೆಂದು ನನ್ನನ್ನೂ ಕರೆಯುತ್ತಿದ್ದಳು. ನಾನೂ ಬೀಗುತ್ತಲೇ ಹೋಗುತ್ತಿದ್ದೆ. ಅದೇ ಕಟ್ಟಡದಲ್ಲಿದ್ದ ಉಪರಾಯಭಾರಿಯ ಹೆಂಡತಿ ನಾದಿಯಾ ಅವಳ ಜೀವದ ಗೆಳತಿ.

ಆಮೇಲೆ ಅವರ ದೇಶದಲ್ಲಿ ಅಂತರ್ಯುದ್ಧ ಶುರುವಾಯಿತು. ಸೆಲ್ಮಾಳ ಗಂಡ ಅಧ್ಯಕ್ಷರ ಕಡೆ, ನಾದಿಯಾಳ ಗಂಡ ದಂಗೆಯೆದ್ದ ಸೇನೆಯ ಕಡೆ. ಔತಣಗಳು ನಿಂತವು. ಲಿಫ್ಟಿನಲ್ಲಿ ಎದುರಾದರೆ ಗೆಳತಿಯರಿಬ್ಬರೂ ಗೋಡೆ ನೋಡುತ್ತಿದ್ದರು. ಸೆಲ್ಮಾಳ ತಾಯಿಯಿದ್ದ ಊರು ಸೇನೆಯ ವಶವಾಗಿ, ಅಲ್ಲಿನ ಫೋನುಗಳೆಲ್ಲ ಕಟ್ಟಾದವು. ಮುದುಕಿ ಬದುಕಿದ್ದಾಳೋ ಇಲ್ಲವೋ ತಿಳಿಯದು. ಆ ಊರಿನ ಉಸ್ತುವಾರಿಗಿದ್ದ ಅಧಿಕಾರಿ ನಾದಿಯಾಳ ಅಣ್ಣನೇ. ಆದರೆ ಶತ್ರುವಿನ ಹೆಂಡತಿಯ ಮುಂದೆ ಬೇಡಬಾರದೆಂದು ಸೆಲ್ಮಾಳಿಗೆ ಗಂಡನ ಅಪ್ಪಣೆ. ಕಸ ಹಾಕುವುದಕ್ಕೆ ಬಿಟ್ಟರೆ ಗಂಡಂದಿರು ಹೆಂಡತಿಯರನ್ನು ಒಂಟಿಯಾಗಿ ಎಲ್ಲಿಗೂ ಬಿಡುತ್ತಿರಲಿಲ್ಲ. ಕಸ ವಿಂಗಡಿಸುವ ಕೋಣೆಯಲ್ಲಿ, ಖಾಲಿ ಬಾಟಲಿ ಹಾಕುತ್ತಾ, ಸೆಲ್ಮಾ ನನ್ನ ಮುಂದೆ ಅತ್ತಳು.

ನವರಾತ್ರಿಗೆ ಗೊಂಬೆ ಕೂರಿಸಿ, ಇಬ್ಬರನ್ನೂ ಅರಿಶಿನ-ಕುಂಕುಮಕ್ಕೆ ಕರೆದೆ. ಗಂಡಂದಿರೂ ಬಂದು ಬಾಗಿಲಲ್ಲಿ ಬೂಟು ಬಿಚ್ಚತೊಡಗಿದರು. ಗಂಡಸರು ಒಳಗೆ ಬಂದರೆ ದೇವಿಗೆ ಸಿಟ್ಟು ಬರುತ್ತದೆಂದು ತಡೆದೆ. ಅಂಥ ಶಾಸ್ತ್ರ ಎಲ್ಲೂ ಇಲ್ಲ. ಕೋಸಂಬರಿ ತಿನ್ನುತ್ತಿದ್ದ ನನ್ನ ಗಂಡ ಜಯದೇವರನ್ನು ಬಟ್ಟಲ ಸಮೇತ ಬಾತ್‌ರೂಮಿಗೆ ಅಟ್ಟಿದೆ. ಆ ಇಬ್ಬರು ಕೆಳಗಿನ ಲಾಬಿಯಲ್ಲಿ ಆ ತುದಿಗೊಬ್ಬ ಈ ತುದಿಗೊಬ್ಬ ಕೂತರು.

ಗೊಂಬೆಗಳ ಮುಂದೆ ಸೆಲ್ಮಾ ತಾಯಿಯ ವಿಷಯ ಬಾಯಿಬಿಟ್ಟಳು. ಅಣ್ಣನಿಗೆ ಹೇಗಾದರೂ ಸುದ್ದಿ ಮುಟ್ಟಿಸುತ್ತೇನೆ, ಆದರೆ ಸಮಯ ಬೇಕು ಎಂದಳು ನಾದಿಯಾ. ವಿಜಯದಶಮಿಯ ರಾತ್ರಿ ಪಟ್ಟದ ರಾಜ-ರಾಣಿಯನ್ನು ಮಲಗಿಸಿ ಹಬ್ಬ ಮುಗಿಸಬೇಕು. ನಾನು ಮಲಗಿಸಲಿಲ್ಲ. ರಾಜ ಮಲಗುವವರೆಗೂ ಕುಂಕುಮಕ್ಕೆ ಬರಲೇಬೇಕೆಂದು ಗಂಡಂದಿರಿಗೆ ಹೇಳಿಬಿಟ್ಟೆ. ದೀಪಾವಳಿಯೂ ಕಳೆಯಿತು. ಜಪಾನೀಯರ ಹೆಣ್ಣುಮಕ್ಕಳ ಹಬ್ಬಕ್ಕೆ ತಾವೂ ಗೊಂಬೆ ಕೂರಿಸುವ ಪಕ್ಕದ ಮನೆಯ ಒಗಾವಾ-ಸಾನ್, ಗೊಂಬೆ ಬೇಗ ತೆಗೆಯದಿದ್ದರೆ ಮಗಳ ಮದುವೆ ತಡವಾಗುತ್ತದೆಂದು ಎಚ್ಚರಿಸಿದರು.

"ಹಾಗಾದ್ರೆ ಪ್ಲೀಸ್, ತೆಗೀಬೇಡಮ್ಮ," ಎಂದಳು ನನ್ನ ಮಗಳು ಅಪೂರ್ವಾ.

ಡಿಸೆಂಬರಿನಲ್ಲಿ ಒಂದು ಸಂಜೆ, ಗೊಂಬೆಗಳ ಮುಂದೆ, ನಾದಿಯಾಳ ಫೋನು ಬಡಿದುಕೊಂಡಿತು. ಅವಳು ಅದನ್ನು ಸೆಲ್ಮಾಳ ಕೈಗಿತ್ತಳು. ಆ ಕಡೆಯಿಂದ ಮುದುಕಿಯೊಬ್ಬಳು ಬೈಯುತ್ತಿದ್ದದ್ದು ಬಾತ್‌ರೂಮಿನಲ್ಲಿದ್ದ ಜಯದೇವರಿಗೂ ಕೇಳಿಸಿತಂತೆ. ಸೆಲ್ಮಾ ನೆಲದ ಮೇಲೆ ಕುಸಿದು ಕೂತು ನಕ್ಕಳು, ಅತ್ತಳು. ನಾದಿಯಾ ಅವಳನ್ನು ತಬ್ಬಿಕೊಂಡಳು. ನಾನೂ ಸೆರಗಲ್ಲಿ ಕಣ್ಣೊರೆಸಿಕೊಂಡೆ.

ಇನ್ನು ಹಬ್ಬ ಮುಗಿಯಿತೆಂದು ಹೇಳಲು ಲಾಬಿಗೆ ಇಳಿದೆ. ಗಂಡಸರಿಬ್ಬರೂ ಒಂದೇ ಸೋಫಾದಲ್ಲಿ ಕೂತು, ಮೂಲೆಯ ಕೊಂಬಿನಿ ಅಂಗಡಿಯಿಂದ ತಂದ ಬಿಸಿ ಕಾಫಿ ಕುಡಿಯುತ್ತಾ ಏನಕ್ಕೋ ನಗುತ್ತಿದ್ದರು. ನನ್ನನ್ನು ಕಂಡು ಇಬ್ಬರೂ ಸೋಫಾದ ಎರಡು ತುದಿಗೆ ಸರಿದರು. ರಾಯಭಾರಿ ಎದ್ದು ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದ.

"ಶಾಂತಾ-ಸಾನ್, ನಿಮ್ಮ ರಾಜ ಇವತ್ತೇ ಮಲಗಲ್ಲ ತಾನೆ?"

"ಈ ವರ್ಷ ಅವನಿಗೆ ನಿದ್ದೆ ಬರೋ ಹಾಗೆ ಕಾಣಲ್ಲ," ಎಂದು ಹೇಳಿ ಲಿಫ್ಟು ಹತ್ತಿದೆ.