ಯಾನಾಳ ಏಳನೆಯ ಹಾಡಿನ ಸಾರಾಂಶ

ಯಾನಾ ಪ್ರಾಗ್ ನಗರದಲ್ಲಿ ಟ್ರಾಮ್ ಓಡಿಸುತ್ತಿದ್ದಳು. ವರ್ಷಕ್ಕೊಮ್ಮೆ ರಜೆ ಹಾಕಿ, ಇಬ್ಬರು ಗೆಳತಿಯರನ್ನು ಕಟ್ಟಿಕೊಂಡು, ದೇಶದಿಂದ ದೇಶಕ್ಕೆ ಹೋಗಿ ಪಂಕ್ ಹಾಡುತ್ತಿದ್ದಳು. ಪಂಕ್ ಎಂದರೇನೆಂದು ನನಗೂ ಗೊತ್ತಿರಲಿಲ್ಲ. ಎರಡು ಗಿಟಾರು, ಒಂದು ಡ್ರಮ್ ಸೆಟ್ಟು, ಒಂದೂವರೆ ನಿಮಿಷದಲ್ಲಿ ಮುಗಿದುಹೋಗುವ ಹಾಡು, ಹಾಡಿನ ತುಂಬ ಕೂಗು.

2002ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಂಸ್ಥೆ ಅವರನ್ನು ತುಮಕೂರು, ಕುಣಿಗಲ್, ಗುಬ್ಬಿಗೆ ಕಳಿಸಿತು. ನಮ್ಮ ಗುಬ್ಬಿಯ ಕಲಾ ಸಂಘದ ಅಧ್ಯಕ್ಷರು ಕೊಬ್ಬರಿ ವ್ಯಾಪಾರಿ ಚನ್ನವೀರಯ್ಯನವರು. ಅವರು ಆಹ್ವಾನ ಪತ್ರಿಕೆಯಲ್ಲಿ ‘ವಿದೇಶಿ ಮಹಿಳೆಯರಿಂದ ಸುಗಮ ಸಂಗೀತ’ ಎಂದು ಅಚ್ಚು ಹಾಕಿಸಿದ್ದರು. ಇಂಗ್ಲಿಷ್ ಲೆಕ್ಚರರ್ ಎಂಬ ಕಾರಣಕ್ಕೆ ಮೂರೂ ಕಡೆ ಸಾರಾಂಶ ಹೇಳಲು ನನ್ನನ್ನು ಒಪ್ಪಿಸಿದರು.

“ಹರಿಕಥೇಲಿ ಅರ್ಥ ಹೇಳಲ್ವೇ ತ್ರಿವೇಣಮ್ಮ, ಹಂಗೆ. ಅರ್ಥ ಹೇಳ್ದೆ ಹಾಡಿದ್ರೆ ನಮ್ ಜನ ಎದ್ದೋಯ್ತಾರೆ.”

ಯಾನಾ ಏಳು ಹಾಡುಗಳ ಅರ್ಥವನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದಳು. ಆರು ಹಾಡು ಸಲೀಸು. ಟ್ರಾಮ್, ಮನೆ ಬಾಡಿಗೆ, ಪೊಲೀಸರು. ಏಳನೆಯದು ಹೀಗಿತ್ತು: ನಮ್ಮಮ್ಮ ನಲವತ್ತು ವರ್ಷ ಎಲ್ಲದಕ್ಕೂ ಹೂಂ ಅಂದಳು. ಅಪ್ಪ ಹೊಡೆದಾಗಲೂ ಹೂಂ. ನಾನು ಅನ್ನುವುದಿಲ್ಲ, ನನ್ನನ್ನು ಕೇಳಲೂ ಬೇಡಿ.

ಮೈಸೂರಿನಲ್ಲಿ ಪಿಎಚ್.ಡಿ.ಗೆ ನನಗೆ ಸೀಟು ಸಿಕ್ಕಿ ಆಗಿನ್ನೂ ಹದಿನೈದು ದಿನ. ಯಜಮಾನರು ಊಟ ಮಾಡುತ್ತಾ “ಬೇಡ ಬಿಡು” ಅಂದಿದ್ದರು. ನಾನು ಸಾರು ಬಡಿಸುತ್ತಾ ಹೂಂ ಅಂದಿದ್ದೆ. ತುಮಕೂರಿನ ವೇದಿಕೆಯಲ್ಲಿ ಆ ಹಾಳೆ ಹಿಡಿದಾಗ ನನ್ನ ಬಾಯಿಂದ ಬಂದದ್ದು ಬೇರೆಯೇ ಮಾತು: “ಈ ಗೀತೆ ತಾಯಿಯ ತಾಳ್ಮೆಯನ್ನು ಕೊಂಡಾಡುತ್ತದೆ.” ಜನ ಚಪ್ಪಾಳೆ ತಟ್ಟಿದರು. ಯಾನಾ ಕತ್ತಿನ ನರ ಉಬ್ಬಿಸಿ ಕೂಗಿದಳು.

ಕುಣಿಗಲ್ಲಿನಲ್ಲೂ ಅದನ್ನೇ ಹೇಳಿದೆ. ಹಾಡು ಮುಗಿದ ಮೇಲೆ ಹುಲಿಯೂರುದುರ್ಗದ ಓಬಳಮ್ಮ ಎಂಬ ಮುದುಕಿ ವೇದಿಕೆ ಹತ್ತಿ ಬಂದು ಯಾನಾಳ ಎರಡೂ ಕೆನ್ನೆ ಹಿಡಿದುಕೊಂಡು ಅತ್ತುಬಿಟ್ಟಳು. “ಹೆತ್ತವ್ವನ್ನ ಹಿಂಗೆ ಹೊಗಳೋ ಮಕ್ಳು ಯಾರ್ಗವ್ರೆ ನನ್ನವ್ವ!”

ಮಾರನೆಯ ದಿನ ಗುಬ್ಬಿಗೆ ಬರುವಾಗ ಹೆಬ್ಬೂರಿನಲ್ಲಿ ಟೀ ಕುಡಿಯಲು ಟೆಂಪೋ ನಿಲ್ಲಿಸಿದೆವು. “ಆ ಅಜ್ಜಿ ಯಾಕೆ ಅತ್ತಳು?” ಎಂದು ಯಾನಾ ಕೇಳಿದಳು. ಸುಳ್ಳು ಹೇಳಲಾಗಲಿಲ್ಲ, ನಾನು ಮಾಡಿದ್ದನ್ನು ಒಪ್ಪಿಕೊಂಡೆ.

ಅವಳು ಬೈಯಲಿಲ್ಲ. ಲೋಟ ಕೆಳಗಿಟ್ಟು ಹೇಳಿದಳು: “ವಿಯೆನ್ನಾದಲ್ಲಿ ಒಂದು ಮಾಂಸದಂಗಡಿಯ ನೆಲಮಾಳಿಗೆಯಲ್ಲಿ ಆರು ಜನರಿಗೆ ಹಾಡಿದ್ದೇನೆ. ಪೋಲೆಂಡಿನಲ್ಲಿ ಕರೆಂಟು ಹೋದಾಗ ಮೈಕಿಲ್ಲದೆ ಹಾಡಿದ್ದೇನೆ. ಅಲ್ಲಿ ಯಾರಿಗೂ ನನ್ನ ಭಾಷೆ ಬರ್ತಿರಲಿಲ್ಲ, ಸಿಟ್ಟು ಅರ್ಥವಾಗಿತ್ತು. ಇಲ್ಲಿ ಅದಕ್ಕೆ ನೀನು ಸಕ್ಕರೆ ಹಾಕಿದ್ದೀಯ.”

“ಗುಬ್ಬಿ ನನ್ನ ಗಂಡನ ಊರು. ಅವರು ಮುಂದಿನ ಸಾಲಲ್ಲೇ ಇರ್ತಾರೆ. ನಮ್ಮತ್ತೇನೂ ಇರ್ತಾರೆ.”

“ಹಾಗಾದರೆ ಆ ಹಾಡು ಬೇಡ. ಸುಳ್ಳು ಅರ್ಥಕ್ಕೆ ನಾನು ಹಾಡಲ್ಲ.”

ಅವಳು ನಿಷ್ಠುರವಾಗಿ ಹೇಳಿರಲಿಲ್ಲ, ಬಸ್ಸಿನ ಟೈಮು ಹೇಳುವಷ್ಟು ಸಲೀಸಾಗಿ ಹೇಳಿದ್ದಳು. ಹಾಗೆ ಮಾತಾಡುವ ಹೆಂಗಸನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಗುಬ್ಬಿಯಲ್ಲಿ ಹಿಂದಿನ ಹೆಸರಾಂತ ನಾಟಕದವರು ಆಡಿದ ವೇದಿಕೆಯನ್ನು ಮೆಟ್ಟು ಹಾಕಿ ಹತ್ತುವಂತಿಲ್ಲ. ಮೂವರೂ ಬೂಟು ಕಳಚಿದರು. ಯಾನಾಳ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ಹುಡುಗಿಯರು ಕಿಸಕ್ಕನೆ ನಕ್ಕರು. ಅವಳು ಆ ಬೆರಳನ್ನು ಅವರಿಗೆ ಕುಣಿಸಿ ತೋರಿಸಿದಳು.

ಆರು ಹಾಡಾಯಿತು. ಒಂದೊಂದಕ್ಕೂ ಜನ ನಾಟಕದಲ್ಲಿ ಕೂಗುವಂತೆ “ವನ್ಸ್ ಮೋರ್” ಕೂಗಿದರು. ಯಾನಾ ಒಂದೊಂದನ್ನೂ ಎರಡೆರಡು ಸಲ ಹಾಡಿದಳು, ಎರಡನೆಯ ಸಲವೂ ಮೊದಲ ಸಲದಷ್ಟೇ ಜೋರಾಗಿ. ಧ್ವನಿ ಆಗಲೇ ಕಟ್ಟಿಕೊಂಡಿತ್ತು. ಬೆವರು ಒರೆಸಿಕೊಳ್ಳುತ್ತಾ ನನ್ನ ಕಡೆ ನೋಡಿದಳು. ಬೇಡವೆಂದು ತಲೆಯಾಡಿಸಿದರೆ ಕಾರ್ಯಕ್ರಮ ಅಲ್ಲಿಗೆ ಮುಗಿಯುತ್ತಿತ್ತು.

ನಾನು ಎದ್ದು ಮೈಕಿನ ಹತ್ತಿರ ಹೋದೆ. ಹಾಳೆಯಲ್ಲಿದ್ದದ್ದನ್ನೇ ಹೇಳಿದೆ. ಆದರೆ ತಲೆ ತಗ್ಗಿಸಿ, ಗಂಟಲೊಳಗೆ.

“ಏನಂದ್ಲು?” “ಏನೋ ಅಪ್ಪ, ಅವ್ವ ಅಂದ್ಲಪ್ಪ.” ಹಿಂದಿನ ಸಾಲುಗಳಲ್ಲಿ ಗುಜುಗುಜು ಎದ್ದಿತು. ಚನ್ನವೀರಯ್ಯನವರು ಕುಳಿತಲ್ಲಿಂದಲೇ, “ಇನ್ನೊಂದ್ಸಲ ಹೇಳ್ಬುಡಿ ಮೇಡಂ” ಅಂದರು. ಯಜಮಾನರಿಗೆ ಮಾತ್ರ ಕೇಳಿಸಿತ್ತು. ಬೇಡ ಎಂಬಂತೆ ಮೊಣಕಾಲ ಮೇಲೆ ಕೈ ಅಲ್ಲಾಡಿಸಿದರು. ಆಗ ಪಕ್ಕದಲ್ಲಿದ್ದ ಅತ್ತೆ ಹನುಮಕ್ಕ ಗದರಿದರು:

“ಗಟ್ಟಿಯಾಗಿ ಹೇಳೇ! ಮೈಕ್ ಇನ್ಯಾತಕ್ಕೆ ಇಟ್ಟವ್ರೆ?”

“ಅವ್ವಾ, ಸುಮ್ಕಿರು.”

“ನೀನ್ ಸುಮ್ಕಿರ್ಲಾ ಗಂಗರಾಜು, ನಂಗ್ ಕೇಳಿಸ್ಲಿಲ್ಲ.”

ಸಭೆ ನಕ್ಕಿತು. ನಗು ನಿಲ್ಲುವವರೆಗೆ ಕಾದೆ. ಹಾಳೆ ಮಡಿಸಿದೆ. ತಾಯಿ ನಲವತ್ತು ವರ್ಷ ಹೂಂ ಅಂದದ್ದು, ಹೊಡೆತ, ಮಗಳು ಒಲ್ಲೆ ಅಂದದ್ದು, ಎಲ್ಲವನ್ನೂ ಕ್ಲಾಸಿನ ಕೊನೆಯ ಬೆಂಚಿಗೆ ಕೇಳುವ ದನಿಯಲ್ಲಿ ಹೇಳಿದೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಯಾನಾ ಶುರು ಮಾಡಿದಳು. ಅರ್ಧಕ್ಕೆ ಅವಳ ಧ್ವನಿ ಒಡೆಯಿತು. ನಿಲ್ಲಿಸಲಿಲ್ಲ. ಒಡೆದ ಧ್ವನಿಯಲ್ಲೇ ಕೊನೆಯವರೆಗೂ ಕೂಗಿದಳು, ನೆಲಮಾಳಿಗೆಯ ಆರು ಜನರಿಗೂ ಹೀಗೇ ಕೂಗಿರಬೇಕು. ನಾನು ಇಳಿದು ಹೋಗಬೇಕಿತ್ತು, ಅವಳ ಪಕ್ಕದಲ್ಲೇ ನಿಂತಿದ್ದೆ.

ಯಜಮಾನರು ಎದ್ದು ಹೊರಗೆ ಹೋದರು. ಅತ್ತೆ ತಮ್ಮ ಎಲೆಯಡಿಕೆ ಚೀಲವನ್ನು ಮಡಿಲಿಂದ ತೆಗೆದು ಆ ಖಾಲಿ ಕುರ್ಚಿಯ ಮೇಲಿಟ್ಟು, ಕಾಲು ನೀಡಿ ಕುಳಿತರು.