ದೇವರ ಮೇಲೆ ಭಾರ ಹಾಕದವರು

ಮಲೇಶಿಯಾದ ಮೆಲಾಕಾ ಊರಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷ ಒಟ್ಟಿಗೆ ಕೆಲಸ ಮಾಡಿದರೂ ಡಾಕ್ಟರ್ ಬರ್ನಾಡೆಟ್ ರಸ್ಕಿನ್ಹಾ ಅವರ ಬಾಯಿಂದ ‘ದೇವರಿಚ್ಛೆ’ ಎಂಬ ಮಾತನ್ನು ನಾನು ಒಮ್ಮೆಯೂ ಕೇಳಲಿಲ್ಲ. ನಾಸ್ತಿಕರೆಂದುಕೊಳ್ಳಬೇಡಿ. ಬೆಳಿಗ್ಗೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಕಣ್ಣು ಮುಚ್ಚಿ ಪ್ರಾರ್ಥಿಸದೆ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದೇ ಇಲ್ಲ. ಭಾನುವಾರದ ಪೂಜೆಯನ್ನಾಗಲಿ ಸಂಜೆಯ ಜಪಸರವನ್ನಾಗಲಿ ತಪ್ಪಿಸಿದ್ದೂ ಇಲ್ಲ. ಇಷ್ಟು ದೈವಭಕ್ತಿಯ ಹೆಂಗಸು, ಎದುರಿಗಿದ್ದವರು ಯಾರಾದರೂ ‘ಎಲ್ಲ ದೇವರಿಚ್ಛೆ’ ಎಂದರೆ ಸಾಕು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, “ಅವನನ್ನು ಕೇಳಿದ್ದೀರಾ?” ಎಂದು ಬಿಡುತ್ತಿದ್ದರು. ಕೇಳಿಸಿಕೊಂಡವರು ಪೆಚ್ಚಾಗುತ್ತಿದ್ದರು. ಈ ಒಂದು ಹಟಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ, ಅದನ್ನು ಕಣ್ಣಾರೆ ಕಂಡವನು ನಾನು.

ನಾನು ಮೈಸೂರಿನವನು, ಆ ಆಸ್ಪತ್ರೆಯ ಕಡತ ವಿಭಾಗದಲ್ಲಿದ್ದೇನೆ. ರೋಗಿಗಳ ಚರಿತ್ರೆಯೆಲ್ಲ ನನ್ನ ಸುಪರ್ದಿಗೆ ಬರುತ್ತದೆ. ಅವರು ಮಂಗಳೂರಿನವರು, ಮಧುಮೇಹದ ವೈದ್ಯೆ, ಜೊತೆಗೆ ವಿದ್ಯಾರ್ಥಿಗಳಿಗೆ ಪಾಠ. ಕುಳ್ಳಗಿನ ದುಂಡು ದೇಹ. ಎಡ ಭುಜಕ್ಕೆ ಸದಾ ಒಂದು ಭಾರದ ಚೀಲವಿದ್ದುದರಿಂದ ಚೀಲವಿಲ್ಲದಾಗಲೂ ಎಡಕ್ಕೆ ವಾಲಿಕೊಂಡೇ ಬಿರಬಿರನೆ ನಡೆಯುವ ನಡಿಗೆ. ಅವರ ಬಿಳಿಯ ಕೋಟು ಎರಡು ಅಳತೆ ದೊಡ್ಡದು. ಮಂಗಳೂರಿನ ಹಂಪನಕಟ್ಟೆಯ ದರ್ಜಿಯೊಬ್ಬ, ಮುಂದೆ ದಪ್ಪಗಾಗುತ್ತೀರಿ ಎಂದು ಭವಿಷ್ಯ ನುಡಿದು ಹೊಲಿದುಕೊಟ್ಟದ್ದಂತೆ. “ಪುಣ್ಯಾತ್ಮನ ಮಾತು ಅರ್ಧ ನಿಜ ಆಯ್ತು ಮಾರಾಯ್ರೇ, ಕೋಟು ಮಾತ್ರ ಇನ್ನೂ ಕಾಯ್ತಾ ಉಂಟು,” ಎಂದು ತಾವೇ ನಗುತ್ತಿದ್ದರು. ಕುತ್ತಿಗೆಯಲ್ಲಿದ್ದ ಶಿಲುಬೆ ಯಾವಾಗಲೂ ಕುಪ್ಪಸದ ಒಳಗೇ ಇರುತ್ತಿತ್ತು.

ನಮ್ಮ ಮನೆಯವರ ಮಾತಿನಲ್ಲಿ ದೇವರು ಉಪ್ಪಿನಕಾಯಿಯಷ್ಟು ಧಾರಾಳ. ಬಸ್ಸು ತಪ್ಪಿದರೂ ದೇವರು, ಹಾಲು ಉಕ್ಕಿದರೂ ದೇವರು. ಮಗಳು ಪೂರ್ವಿ ಒಳ್ಳೆಯ ಅಂಕ ತೆಗೆದ ದಿನ ಸಿಹಿ ಕೊಡಲು ಹೋದಾಗ ನನ್ನ ಹೆಂಡತಿ ಭಾನುಮತಿ, “ಎಲ್ಲಾ ದೇವರ ದಯೆ ಡಾಕ್ಟ್ರೇ, ನಮ್ದೇನಿದೆ?” ಎಂದಳು. ಬರ್ನಾಡೆಟ್ ಬರ್ಫಿಯನ್ನು ಬಾಯಿಗಿಟ್ಟುಕೊಂಡು, “ದೇವರಿಗೆ ಖಂಡಿತ ಥ್ಯಾಂಕ್ಸ್ ಹೇಳಿ. ಆದ್ರೆ ಓದಿದ್ದು ಈ ಹುಡುಗಿಯಲ್ವಾ? ಅವಳಿಗೂ ಒಂದು ಹೇಳಿ,” ಎಂದರು. ಪೂರ್ವಿ, “ಥ್ಯಾಂಕ್ ಯೂ ಆಂಟಿ, ಫೈನಲಿ ಲಾ!” ಎಂದು ಮಲೇಶಿಯಾದ ಮಕ್ಕಳ ಧಾಟಿಯಲ್ಲಿ ಹೇಳಿ ಅವರ ಕೈ ಹಿಡಿದುಕೊಂಡಳು.

ಡಾಕ್ಟರ ಗಂಡ ಕೆಲ್ವಿನ್ ಇನ್ನಷ್ಟು ಪಾಪದವರು. ಒಮ್ಮೆ ಕ್ರಿಸ್ಮಸ್ಸಿಗೆ ನೆಂಟರನ್ನು ಕರೆದು, ಒಲೆಯ ಮೇಲೆ ಬಾಫತ್ ಎಂಬ ಮಾಂಸದ ಸಾರು ಇಟ್ಟು, ಫುಟ್‌ಬಾಲ್ ನೋಡುತ್ತ ಕುಳಿತು ಪಾತ್ರೆ ಸಮೇತ ಸುಟ್ಟುಬಿಟ್ಟರಂತೆ. “ಏನು ಮಾಡುವುದು, ದೇವರ ಚಿತ್ತ,” ಎಂದು ತಲೆ ಕೆರೆದುಕೊಂಡವರಿಗೆ ಹೆಂಡತಿ ಕೊಟ್ಟ ಉತ್ತರ ಮಂಗಳೂರಿಗರ ವಲಯದಲ್ಲಿ ಗಾದೆಯೇ ಆಗಿತ್ತು: “ಗ್ಯಾಸ್ ಆಫ್ ಮಾಡ್ಲಿಕ್ಕೂ ಅವನೇ ಬರ್ಬೇಕಿತ್ತಾ?”

ಇಷ್ಟೇಕೆ ಹಟ ಎಂದು ಒಂದು ದಿನ ನಾನು ಕೇಳಿಯೇಬಿಟ್ಟೆ. ಆಗ ಅವರು ಹೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ. “ನೋಡಿ ಗೋಪಿನಾಥರೇ, ಬೆಳಿಗ್ಗೆ ಎದ್ದು ಅವನ ಹೆಸರು ಪವಿತ್ರವಾಗಿರ್ಲಿ ಅಂತ ಬೇಡಿಕೊಳ್ತೇವೆ. ಮಧ್ಯಾಹ್ನ ನಮ್ಮ ಕೈಯ ಕೊಳೆಯನ್ನೆಲ್ಲ ಅದೇ ಹೆಸರಿಗೆ ಒರೆಸ್ತೇವೆ. ಅದು ಹೇಗೆ ಆಗ್ತದೆ?” ಮಾತು ಚೆನ್ನಾಗಿದೆ ಎಂದು ತಲೆದೂಗಿ ಎದ್ದು ಬಂದೆ. ಮಾತಿಗೆ ತಲೆದೂಗುವುದು ಸುಲಭ.

ಪ್ರತಿ ಸೆಪ್ಟೆಂಬರಿನಲ್ಲಿ ಅವರ ಮನೆಯಲ್ಲಿ ಮೊಂತಿ ಹಬ್ಬ, ಅಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬ, ಜೊತೆಗೆ ಹೊಸ ಅಕ್ಕಿಯ ಊಟ. ಆ ದಿನ ಅವರಲ್ಲಿ ಮಾಂಸ ಬೇಯಿಸುವುದಿಲ್ಲ; ತರಕಾರಿ ಪಲ್ಯಗಳು ಐದೋ ಏಳೋ ಒಂಬತ್ತೋ, ಒಟ್ಟು ಬೆಸಸಂಖ್ಯೆಯಲ್ಲಿರಬೇಕು. ನಮ್ಮಂಥ ಪುಳಿಚಾರಿನವರಿಗೂ ಎಲೆ ಹಾಕಿ ಬಡಿಸುತ್ತಿದ್ದರು. ಭತ್ತ ಬೆಳೆಯುವ ಸೆಕಿಂಚಾನ್ ಕಡೆಯಿಂದ ಯಾರೋ ತಂದ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ತಂದು, ಅದರ ಕಾಳು ಸುಲಿದು ತೆಂಗಿನ ಹಾಲಿಗೆ ಬೆರೆಸಿ ಒಂದೊಂದು ಚಮಚ ಕೊಡುವರು. ಹಬ್ಬಕ್ಕೆ ಮುಂಚಿನ ಒಂಬತ್ತು ಸಂಜೆ ಮಂಗಳೂರಿನ ಕುಟುಂಬಗಳೆಲ್ಲ ಅವರ ಮನೆಯಲ್ಲಿ ಸೇರಿ, ಮಕ್ಕಳ ಕೈಯಿಂದ ಮಾತೆಗೆ ಹೂ ಹಾಕಿಸಿ ಪ್ರಾರ್ಥನೆ ನಡೆಸುತ್ತಿದ್ದರು. ಆ ಮನೆ, ಆ ಹೂವಿನ ತಟ್ಟೆಗಳು, ಕೆಲ್ವಿನ್ನರ ಅಪಸ್ವರದ ಹಾಡು, ಎಲ್ಲವೂ ಈಗಲೂ ಸೆಪ್ಟೆಂಬರ್ ಬಂದರೆ ನೆನಪಾಗುತ್ತವೆ.

ಅಂಥದೇ ಒಂದು ಸಂಜೆ, ಪ್ರಾರ್ಥನೆಗೆ ಮುಂಚೆ, ಹೊರರೋಗಿಗಳ ಸಾಲಿನ ಕೊನೆಯಲ್ಲಿ ಪೆರುಮಾಳ್ ಎಂಬ ಮುದುಕ ಕುಳಿತಿದ್ದ. ರಬ್ಬರ್ ತೋಟದಲ್ಲಿ ನಲವತ್ತು ವರ್ಷ ಹಾಲು ಇಳಿಸಿದವನು, ಹಳೆಯ ಸಕ್ಕರೆ ಕಾಯಿಲೆ. ಎಡಗಾಲಿನ ಹೆಬ್ಬೆರಳಲ್ಲಿ ಸಣ್ಣ ಹುಣ್ಣು. ಡಾಕ್ಟರು ಬೆರಳನ್ನು ನೋಡಿದರು, ಮುಲಾಮು ಬರೆದರು, ವಾರ ಬಿಟ್ಟು ಬಾ ಎಂದರು. ಅಂಗಾಲನ್ನು ತಿರುಗಿಸಿ ನೋಡಲಿಲ್ಲ. ಸಕ್ಕರೆ ಕಾಯಿಲೆಯವರ ಅಂಗಾಲು ನೋಡದೆ ರೋಗಿಯನ್ನು ಎಬ್ಬಿಸಬೇಡಿ ಎಂದು ವರ್ಷ ವರ್ಷ ವಿದ್ಯಾರ್ಥಿಗಳಿಗೆ ಪಾಠ ಹೇಳಿದವರು ಅವರೇ. ಆ ಕಾಲಿನ ಅಡಿಯಲ್ಲಿ ಆಗಲೇ ಕೀವು ತುಂಬಿತ್ತು. ನರ ಸತ್ತ ಕಾಲಾದ್ದರಿಂದ ಮುದುಕನಿಗೆ ನೋವೇ ತಿಳಿದಿರಲಿಲ್ಲ. ಏಳನೆಯ ದಿನ ಜ್ವರ ಬಂದು ತಂದು ಹಾಕಿದಾಗ, ಮೊಣಕಾಲಿನ ಕೆಳಗೆ ಕತ್ತರಿಸದೆ ಬೇರೆ ದಾರಿ ಉಳಿದಿರಲಿಲ್ಲ.

ಮರುದಿನ ಡಾಕ್ಟರು ವಾರ್ಡಿಗೆ ಹೊರಟಾಗ, ಕಡತಕ್ಕೆ ಸಹಿ ಹಾಕಿಸಲು ನಾನೂ ಜೊತೆಯಲ್ಲಿದ್ದೆ. ಪೆರುಮಾಳನ ಹೆಂಡತಿ ಅಂಜಲೈ, ಡಾಕ್ಟರ ಬಿಳುಚಿದ ಮುಖ ಕಂಡು ತಾನೇ ಸಮಾಧಾನ ಹೇಳಿದಳು: “ಎಲ್ಲಾಂ ಆಂಡವನ್ ಸೆಯಲ್ ಡಾಕ್ಟರಮ್ಮಾ.” ಎಲ್ಲ ಆ ದೇವರು ಮಾಡಿದ್ದು, ನೀವೇನು ಮಾಡುತ್ತೀರಿ, ಎಂದು ಅವರ ಕೈ ಸವರಿದಳು. ನನಗೆ ಹೋದ ಜೀವ ಬಂದಂತಾಯಿತು. ಕಡತದಲ್ಲಿ ‘ಪಾದ ಪರೀಕ್ಷಿಸಲಾಗಿದೆ’ ಎಂದಷ್ಟೇ ಇತ್ತು. ಬೆರಳೋ ಅಂಗಾಲೋ ಎಂದು ಯಾರೂ ಕೇಳುವಂತಿರಲಿಲ್ಲ. ಕನ್ನಡದಲ್ಲಿ ಪಿಸುಗುಟ್ಟಿದೆ: “ಡಾಕ್ಟ್ರೇ, ಅವರೇ ದೇವರ ಮೇಲೆ ಹಾಕ್ತಿದಾರೆ. ದಯವಿಟ್ಟು ಸುಮ್ನಿರಿ. ನಿಮ್ಮ ಹೊಟ್ಟೆಪಾಡಿನ ಪ್ರಶ್ನೆ.”

ಅವರು ನನ್ನ ಕಡೆ ನೋಡಲಿಲ್ಲ. ಸ್ಟೂಲು ಎಳೆದು ಕುಳಿತು, ಹರಕು ಮುರುಕು ತಮಿಳಿನಲ್ಲಿ ಹೇಳಿದರು: “ಇಲ್ಲೆ ಅಮ್ಮಾ. ಆಂಡವನ್ ಸೆಯ್ಯಲೆ. ನಾನ್ ಪಾಕ್ಕಲೆ.” ದೇವರು ಮಾಡಲಿಲ್ಲಮ್ಮ, ನಾನು ನೋಡಲಿಲ್ಲ. ಅಂಗಾಲು ತಿರುಗಿಸಿ ನೋಡಿದ್ದರೆ ಈ ಕಾಲು ಉಳಿಯುತ್ತಿತ್ತೇನೋ ಎಂದು ನಿಧಾನವಾಗಿ, ಪದ ಹುಡುಕಿ ಹುಡುಕಿ ಹೇಳಿದರು. ಅಂಜಲೈ ಅವರ ಕೈ ಬಿಟ್ಟಳು. ಮಗ ಎದ್ದು ನಿಂತು ವಾರ್ಡು ನಡುಗುವಂತೆ ಕೂಗಾಡಿದ. ಡಾಕ್ಟರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು.

ಆಸ್ಪತ್ರೆಯವರು ನಡೆಸಿದ ವಿಚಾರಣೆಗೆ ಹೇಳಿಕೆ ಬರೆಯುವಾಗ ಅವರು ಇನ್ನೊಂದು ವಾಕ್ಯ ಸೇರಿಸಿದ್ದರು: ‘ಅಂದು ಸಂಜೆ ಮನೆಯಲ್ಲಿ ಪ್ರಾರ್ಥನೆಯಿತ್ತು, ಅದಕ್ಕೆ ಹೊರಡುವ ಆತುರದಲ್ಲಿದ್ದೆ.’ ಅದನ್ನು ಓದಿ ನನಗೆ ಸಿಟ್ಟೇ ಬಂತು. ತಪ್ಪು ಒಪ್ಪಿಕೊಂಡದ್ದು ಸಾಲದೆ? ಇದನ್ನು ಹೊಡೆದುಹಾಕಿ, ನಾಳೆ ಜನ ನಿಮ್ಮ ಧರ್ಮದ ತಲೆಯ ಮೇಲೆ ಗೂಬೆ ಕೂರಿಸುತ್ತಾರೆ ಎಂದೆ. “ಧರ್ಮ ಉಳಿಸ್ಲಿಕ್ಕೆ ಅಂತ ನಿಜ ಮುಚ್ಚಿಟ್ರೆ ಗೂಬೆ ಕೂರಿಸಿದ್ದು ನಾನೇ ಆಗ್ತದೆ,” ಎಂದರು. ಆಮೇಲೆ ಹಾಳೆಯನ್ನು ಮಡಚುತ್ತ, “ಅವನು ಸಾಲಿನ ಕೊನೆಯಲ್ಲಿ ಕೂತಿದ್ದ ಗೋಪಿನಾಥರೇ. ನಾನು ಅವನನ್ನು ದಾಟಿ ಹೂ ಹಾಕ್ಲಿಕ್ಕೆ ಓಡಿದೆ,” ಎಂದು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹೊರರೋಗಿಗಳ ಕೋಣೆಯ ಬಾಗಿಲಿನಿಂದ ಅವರ ಹೆಸರನ್ನು ತೆಗೆದರು. ಪಾಠ ಮಾತ್ರ ಉಳಿಯಿತು. ಇಪ್ಪತ್ತೈದು ವರ್ಷದಿಂದ ದಿನಕ್ಕೆ ಐವತ್ತು ಮಂದಿಯ ನಾಡಿ ಹಿಡಿದವರು ಬರಿಯ ಸೀಮೆಸುಣ್ಣ ಹಿಡಿದು ನಿಂತರು. ಕೆಲವರು ಅವರನ್ನು ಪೆದ್ದಿ ಎಂದರು; ಸಂತೆಯ ಮಾತು ಕಾಲಿಲ್ಲದಿದ್ದರೂ ಓಡುತ್ತದೆ. ಅವರು ಮಾತ್ರ ಎಡಕ್ಕೆ ವಾಲಿಕೊಂಡು, ಅದೇ ದೊಡ್ಡ ಕೋಟಿನಲ್ಲಿ, ಅದೇ ಸಮಯಕ್ಕೆ ಬಂದು ಹೋಗುತ್ತಿದ್ದರು.

ಪೆರುಮಾಳ್ ಮಾತ್ರ ವಿಚಾರಣೆಯ ದಿನ ಒಂದು ಮಾತು ಆಡಿದ್ದ. ಕ್ಷಮೆ ಕೇಳಿದ ಡಾಕ್ಟರನ್ನು ದಿಟ್ಟಿಸಿ ನೋಡಿ, ಹೋದ ಕಾಲು ಹೋಯಿತು, ಇನ್ನೊಂದನ್ನಾದರೂ ಸರಿಯಾಗಿ ನೋಡು ಎಂದಿದ್ದ. ಕುಹಕವೋ ಬೇಡಿಕೆಯೋ ನನಗಂತೂ ತಿಳಿಯಲಿಲ್ಲ. ಅವರು ಬೇಡಿಕೆಯೆಂದೇ ತಿಳಿದರು. ಅಂದಿನಿಂದ ಪ್ರತಿ ಶನಿವಾರ ಊರಾಚೆಯ ಅವನ ಮನೆಗೆ ಹೋಗತೊಡಗಿದರು. ಕಾರು ಕೆಟ್ಟ ಒಂದು ಶನಿವಾರ ನಾನೇ ಕರೆದುಕೊಂಡು ಹೋಗಿದ್ದೆ. ಮಗ ಮುಖ ತಿರುಗಿಸಿ ಒಳಗೆ ಹೋದ. ಡಾಕ್ಟರು ಸಿಮೆಂಟಿನ ನೆಲದ ಮೇಲೆ ಕುಳಿತು, ಆ ಒಂಟಿ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಟಾರ್ಚು ಬಿಟ್ಟು ಬೆರಳುಗಳ ಸಂದಿಯನ್ನೆಲ್ಲ ನೋಡಿ, ಅಂಗಾಲನ್ನು ತಿರುಗಿಸಿ ಎರಡೆರಡು ಬಾರಿ ಸವರಿದರು. ಅಂಜಲೈ ಬಿಸಿನೀರಿನ ಬೋಗುಣಿ ತಂದಿಟ್ಟಳು. ಹೊರಡುವಾಗ, ಮುಂದಿನ ವಾರ ಸ್ವಲ್ಪ ಬೇಗ ಬಾ, ಊಟ ಮಾಡಿಕೊಂಡು ಹೋಗಬಹುದು ಎಂದಳು.

ಆರು ವರ್ಷ ಆ ಕಾಲು ಉಳಿಯಿತು. ಪೆರುಮಾಳ್ ತೀರಿಕೊಂಡಾಗ ಅದರ ಮೇಲೆ ಒಂದು ಗೀರೂ ಇರಲಿಲ್ಲ. ಹೋದ ವರ್ಷ ಡಾಕ್ಟರು ನಿವೃತ್ತರಾಗಿ ಕೆಲ್ವಿನ್ನರೊಡನೆ ಮಂಗಳೂರಿಗೆ ಹಿಂದಿರುಗಿದರು. ಬೀಳ್ಕೊಡುಗೆಯ ದಿನ ಆಡಳಿತದವರಲ್ಲಿ ಯಾರೂ ಆ ಪ್ರಕರಣದ ಸುದ್ದಿ ಎತ್ತಲಿಲ್ಲ, ಶಿಷ್ಟಾಚಾರವೆಂದು ತಿಳಿದಿದ್ದರು. ಅದನ್ನು ಎತ್ತಿದವರು ಬರ್ನಾಡೆಟ್ಟರೇ. ಎದುರಿಗಿದ್ದ ಎಳೆಯ ವೈದ್ಯರಿಗೆ ಪೆರುಮಾಳನ ಹೆಸರು ಹಿಡಿದು, ತಮ್ಮ ತಪ್ಪನ್ನು ಮೊದಲಿನಿಂದ ಕೊನೆಯವರೆಗೆ ಪಾಠದಂತೆ ಹೇಳಿ ಕುಳಿತರು.

ದೇವರನ್ನು ಹೊಗಳುವವರಿಗೆ ಯಾವ ಊರಿನಲ್ಲೂ ಬರವಿಲ್ಲ. ಅವನ ಹೆಸರಿನಲ್ಲಿ ಜಗಳಕ್ಕೆ ನಿಲ್ಲುವವರಿಗಂತೂ ಮೊದಲೇ ಇಲ್ಲ. ಇವರ ನಡುವೆ ಇನ್ನೊಂದು ಸಣ್ಣ ಪಂಗಡವಿದೆ. ಇಗರ್ಜಿಯ ಬೆಂಚುಗಳಲ್ಲಿ ನಾನು ಒಬ್ಬರನ್ನು ಕಂಡೆ, ನಮ್ಮ ಗುಡಿಗಳ ಸಾಲಿನಲ್ಲೂ ಹುಡುಕಿದರೆ ಸಿಕ್ಕಾರು. ಒಳ್ಳೆಯದಾದರೆ ಅವನ ಹೆಸರು ಹೇಳಿ, ಕೆಟ್ಟದ್ದಾದಾಗ ತಮ್ಮ ಹೆಸರು ಕೊಡುವವರು ಇವರು. ಇಂಥವರೊಡನೆ ಬಾಳುವುದು ಸುಲಭವಲ್ಲ, ಇಂಥವರಾಗುವುದಂತೂ ನನ್ನಿಂದ ಆಗಲಿಲ್ಲ. ದೇವರಿಗೆ ಬಂದ ಕೆಟ್ಟ ಹೆಸರೆಲ್ಲ ಆ ದಿನ ವಾರ್ಡಿನಲ್ಲಿ ಪಿಸುಗುಟ್ಟಿದ ನನ್ನಂಥವರಿಂದ ಬಂದದ್ದು; ಉಳಿದಿರುವ ಒಳ್ಳೆಯ ಹೆಸರು, ಸ್ಟೂಲು ಎಳೆದು ಕುಳಿತವರಿಂದ ಉಳಿದದ್ದು.