ಪಡುವಣ ಕಂಬದ ಬಳೆ

ಆ ಹಗ್ಗವನ್ನು ಬಿಚ್ಚಿಸಬೇಕಿತ್ತು, ಪಡುವಣ ಕಂಬದ ಕಬ್ಬಿಣದ ಬಳೆಯಿಂದ ಇನ್ನೂ ಜೋತಾಡುತ್ತಿದೆ, ಒದ್ದೆ ಗೋಣಿ ತೂಗುಹಾಕಲು ನಾನೇ ಕಟ್ಟಿಸಿದ್ದು, ಬೆಳಿಗ್ಗೆ ಕಾಫಿಯನ್ನೆಲ್ಲ ಎಳೆದು ರಾಶಿ ಮಾಡಿ ಟಾರ್ಪಾಲು ಹೊದೆಸಿ ಕಣ ಗುಡಿಸಿದೆವು, ಹಗ್ಗ ಮಾತ್ರ ಮರೆತೇ ಹೋಯಿತು, ಮೈಸೂರಿನಿಂದ ಆಡಲು ಬಂದ ಹುಡುಗರು ಅದನ್ನು ತೋರಿಸಿ ತೋರಿಸಿ ನಗುತ್ತಿದ್ದಾರೆ, ನಗಲಿ, ಮುಂದಿರುವವರು ನಮ್ಮವರು, ಹೌದು ನಮ್ಮವರೇ ಮುಂದೆ, ನನಗೆ ಕೂರಲಾಗುತ್ತಿಲ್ಲ, ನಿಂತರೆ ಮೊಣಕಾಲು, ಕೂತರೆ ಎದೆ — ನಮ್ಮವರು ಎಂದರೆ ನನಗೇನು ಮಕ್ಕಳೇ ಮೊಮ್ಮಕ್ಕಳೇ, ಕಾಲೇಜಿಗೆ ಇದ್ದ ಒಂದು ಮೈದಾನ ಹಾಕಿಯವರ ಪಾಲು, ಡ್ರಿಲ್ ಮಾಸ್ಟ್ರು ಟೋಪಿ ಕೈಯಲ್ಲಿ ಹಿಡಿದುಕೊಂಡು ಬಂದು ಪೂವಮ್ಮನವರೇ ನಿಮ್ಮ ಕಾಫಿ ಕಣ ಸಿಮೆಂಟಿನದ್ದಲ್ಲವೆ, ಬ್ಯಾಸ್ಕೆಟ್‌ಬಾಲಿಗೆ ಹೇಳಿ ಮಾಡಿಸಿದ ಹಾಗಿದೆ ಎಂದರು, ಅವರ ಬೆನ್ನ ಹಿಂದೆ ಮೈದುನ ಬೊಳ್ಳಪ್ಪ ಕೊಡಬೇಡಿ ಅತ್ತಿಗೆ ಎಂದು ಕಣ್ಣಲ್ಲೇ ಹೇಳುತ್ತಿದ್ದ, ನನಗೆ ಆಟದ ಹೆಸರು ಕೂಡ ಬಾಯಿಗೆ ಬರಲಿಲ್ಲ, ಹೂಂ ಎಂದುಬಿಟ್ಟೆ. ನಮ್ಮ ಯಜಮಾನರು ತೀರಿಹೋದ ಮೇಲೆ ಅಂಗಳ ಎಷ್ಟು ಸಪ್ಪಗಿತ್ತು, ಚೆಂಡು ಸಿಮೆಂಟಿಗೆ ಬಡಿಯುವ ಸದ್ದು ಬಂತು ನೋಡಿ, ಅಡಿಗೆಮನೆಯಲ್ಲಿ ಸೌಟು ಹಿಡಿದವಳು ಹಾಗೇ ಹೊರಗೆ ಬಂದೆ, ಬಂದವಳು ಮೂರು ವರ್ಷವಾದರೂ ಒಳಗೆ ಹೋಗಿಲ್ಲ, ಈ ಹುಡುಗರು ಒಂದು ಆಟವೂ ಗೆದ್ದಿಲ್ಲ. ಹಾಕಿಗೆ ಊರಿಗೆ ಊರೇ ಇದೆ, ಇವರಿಗೆ ಯಾರು, ಎಲ್ಲ ಅಲ್ಲಿಂದ ತೆಗೆದುಹಾಕಿದ ಹುಡುಗರೇ, ಸೋಮವಾರಪೇಟೆಯ ಈ ನಂಜಪ್ಪ, ಇವರ ನಾಯಕ, ಕಾಲು ಉದ್ದ ಆಯ್ತಂತಮ್ಮಾ, ಬಗ್ಗಿ ಆಡಕ್ಕಾಗಲ್ಲ ಅಂತ ಕಳಿಸಿಬಿಟ್ರು ಎಂದು ನಗುತ್ತಾ ಹೇಳಿದ್ದ, ನಗುವಾಗ ಕಣ್ಣು ನೆಲದಲ್ಲಿತ್ತು. ಈ ಒಂದು ಆಟ ಗೆದ್ದರೆ ಉಳಿಯುತ್ತಾರೆ, ಸೋತರೆ ಈ ತಂಡವೇ ಬೇಡ ಎಂದಿದೆಯಂತೆ ಕಾಲೇಜು, ಬೊಳ್ಳಪ್ಪ ಕಾಯುತ್ತಿರುವುದೂ ಅದಕ್ಕೇ, ಸೋತ್ರೆ ನಾಳೆನೇ ಕಂಬ ಕಿತ್ತ್ ದನದ ಕೊಟ್ಟಿಗೆಗೆ ಹಾಕ್ನೆ ಅತ್ತಿಗೆ, ನೀವು ಎಂತ ಹೇಳಿರೂ ಕೇಳಿಕಿಲ್ಲೆ ಎಂದಿದ್ದಾನೆ.

ಸೀಟಿ ಊದಿದರು, ಕಡೆ ಬದಲಾಯಿತು, ನಮ್ಮವರು ಈಗ ಪಡುವಣ ಬಳೆಗೆ ಎಸೆಯಬೇಕು, ಬಳೆಯ ಹಿಂದೆಯೇ ಸೂರ್ಯ, ಹಗ್ಗದ ತುದಿ ಬೆಳಕಿನಲ್ಲಿ ಕೆಂಪಗೆ, ಯಾಕೋ ಹುಡುಗರ ಕಾಲು ಮೊದಲಿನಂತಿಲ್ಲ, ಆರಂಭದಲ್ಲಿ ಕಣ್ಣುಮುಚ್ಚಿ ಹಾಕುತ್ತಿದ್ದವರು ಈಗ ಹಲಗೆಗೆ ಹೊಡೆಯುತ್ತಾರೆ, ಹಲಗೆಯಾಚೆ ಕಾಫಿ ಗಿಡಕ್ಕೆ ಹೊಡೆಯುತ್ತಾರೆ, ಪಕ್ಕದಲ್ಲಿ ಕಣದ ಕೆಲಸದ ಕಾಳಮ್ಮ ರಾಶಿಗೆ ಒರಗಿ ಎಲೆಯಡಿಕೆ ಜಗಿಯುತ್ತಾ ಬಿಸಿಲು ಹೋಯ್ತಮ್ಮಾ, ಒಂದಿನದ ಒಣಗು ಹಾಳು ಎನ್ನುತ್ತಾಳೆ, ಸುಮ್ಮನಿರೇ, ನೋಡು ನಂಜಪ್ಪನ ಕೈಗೆ ಚೆಂಡು ಬಂತು, ತಿರುಗಿದ, ಓಡಿದ, ಅಯ್ಯೋ ಆ ಕಡೆ ಅಲ್ಲ ಮಗ, ಮೂಡಣಕ್ಕೆ ಓಡುತ್ತಿದ್ದಾನೆ, ಯಾರೂ ಅಡ್ಡ ಬರುತ್ತಿಲ್ಲ, ಬರುತ್ತಾರೆಯೇ, ಹಾರಿದ, ಎಷ್ಟು ಚಂದ ಹಾಕಿದ, ನಮ್ಮದೇ ಬಳೆಗೆ. ಅಂಕ ಅವರಿಗೆ. ಹಲಸಿನ ಮರದ ಕೆಳಗೆ ನಿಂತ ಮೈಸೂರಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಕೊಡಗು ಮೈಸೂರಿಗೆ ಸೇರುತ್ತದೆಂದು ಪೇಪರಿನಲ್ಲಿ ಬಂದಾಗಿನಿಂದ ಅವರದ್ದು ಅದೇ ಮಾತು, ಹೆಂಗೂ ನಮ್ಗೇ ಸೇರ್ತೀರಲ್ಲ ಸ್ವಾಮಿ, ಅದ್ಕೇ ಈಗ್ಲೇ ನಮ್ ಲೆಕ್ಕಕ್ಕೆ ಹಾಕ್ಬುಟ್ರಾ, ನಂಜಪ್ಪ ಕೆಂಪಗಾಗಿ ಕೈ ನೋಡಿಕೊಂಡ, ಕೈಯದೇನು ತಪ್ಪು, ಆ ಕಾಲಿಗೆ ಗೊತ್ತಿರುವ ದಾರಿ ಅದೊಂದೇ — ಥೂ, ನನಗೆ ಈಗ ಹೊಳೆಯಿತೇ, ಪುತ್ತರಿ ಹಬ್ಬ ಕಳೆದು ಹಣ್ಣು ಕೊಯ್ದಂದಿನಿಂದ ಪಡುವಣ ಅರ್ಧ ಪೂರ್ತಿ ನನ್ನ ಕಾಫಿ, ಬಿಸಿಲು ಬೀಳುವುದು ಅಲ್ಲಿಯೇ, ಹಲಸಿನ ನೆರಳಿನ ಮೂಡಣ ಅರ್ಧ ಮಾತ್ರ ಮಕ್ಕಳಿಗೆ, ಅಮ್ಮಾ ಸಾಕಮ್ಮಾ ಅಷ್ಟು ಜಾಗ ಎಂದರು, ಎಷ್ಟು ಧಾರಾಳಿ ನಾನು ಎಂದು ಬೀಗಿದೆ, ದಿನಾ ಬೆಲ್ಲದ ಕಾಫಿ ಮಾಡಿಕೊಟ್ಟೆ, ದಿನಾ ಅವರು ಒಂದೇ ದಿಕ್ಕಿಗೆ ಓಡಿದರು, ಗಾಣದ ಎತ್ತಿನ ಹಾಗೆ, ಈ ಪಡುವಣ ಬಳೆ ಅವರ ಪಾಲಿಗೆ ಬಳೆಯೇ ಅಲ್ಲ, ಅದು ನನ್ನ ಗೋಣಿ ತೂಗುವ ಕೊಕ್ಕೆ, ಹಗ್ಗ ಅಲ್ಲೇ ಇದೆ, ಅಲ್ಲಾಡುತ್ತಿದೆ.

ಇನ್ನು ಸ್ವಲ್ಪವೇ ಹೊತ್ತು, ಮಾಸ್ಟ್ರು ಮತ್ತೆ ಮತ್ತೆ ಗಡಿಯಾರ ನೋಡುತ್ತಾರೆ, ಹಿಂದೆ ಬಿದ್ದಿರುವುದು ಒಂದೇ ಬುಟ್ಟಿಯಷ್ಟು, ಆ ತಪ್ಪು ಬುಟ್ಟಿಯಷ್ಟೇ, ಸೆರಗಿನ ಅಂಚು ಹಲ್ಲಿಗೆ ಬಂದದ್ದು ಯಾವಾಗ, ನಂಜಪ್ಪ ನಿಂತ, ಈ ಸಲ ಸರಿಯಾದ ಕಡೆ ತಿರುಗಿದ, ಸೂರ್ಯನಿಗೆ ಕಣ್ಣು ಕಿರಿದು ಮಾಡಿದ, ಎಸೆದ, ಹೋಗು ಹೋಗು ಹೋಗು — ಬಳೆಯ ಅಂಚಿಗೆ ಬಡಿದು ಹೊರಗೆ. ಸೀಟಿ. ಮೈಸೂರಿನವರು ಒಬ್ಬರ ಮೇಲೊಬ್ಬರು ಬಿದ್ದು ಕೂಗುತ್ತಿದ್ದಾರೆ, ಮಾಸ್ಟ್ರು ಚೆಂಡನ್ನು ಒರಸಿ ಚೀಲಕ್ಕೆ ಹಾಕುತ್ತಿದ್ದಾರೆ, ಬೊಳ್ಳಪ್ಪ ಆಗಲೇ ಕಂಬದ ಬುಡ ಕಾಲಲ್ಲಿ ಒದ್ದು ನೋಡುತ್ತಿದ್ದಾನೆ, ಕಾಲೇಜು ಕೈಬಿಡಲಿ, ಕಣ ಕಾಲೇಜಿನದ್ದಲ್ಲ, ಬೊಳ್ಳಪ್ಪನದ್ದೂ ಅಲ್ಲ, ಚೆಂಡು ಇಲ್ಲಿಟ್ಟು ಹೋಗಿ ಮಾಸ್ಟ್ರೇ ಎಂದು ಕೂಗಿದ್ದು ಯಾರು, ನಾನೇ, ಎಲ್ಲರೂ ತಿರುಗಿ ನೋಡಿದರು, ನಂಜಪ್ಪ ಬೆವರು ಒರಸುತ್ತಾ ಬಂದ, ನಾಳೆ ಕಾಫಿ ಹರಡಲ್ವಾ ಅಮ್ಮ, ಹರಡ್ತೇನೆ ಮಗ, ಮೂಡಣಕ್ಕೆ ಹರಡ್ತೇನೆ, ನೀವು ಈ ಪಡುವಣ ಕಡೆಗೆ ಬನ್ನಿ, ಅತ್ತಿಗೆ ಅಲ್ಲಿ ನೆರಳು, ಕಾಫಿ ಪೂರಾ ಬೂಷ್ಟು ಹಿಡೀತದೆ ಎಂದು ಬೊಳ್ಳಪ್ಪ ಬಾಯಿ ಬಡಿದುಕೊಂಡ, ಹಿಡಿಯಲಿ, ಮಗುಚುತ್ತಾ ಕೂರುತ್ತೇನೆ, ಕೂರುವುದು ನನಗೇನು ಹೊಸತೇ, ಏಣಿ ತರಬೇಕು, ಆ ಗಂಟು ಬಿಚ್ಚಬೇಕು, ಚೆಂಡು ಬಡಿದು ಎಷ್ಟು ಹೊತ್ತಾಯಿತು, ಗಾಳಿಯೂ ಇಲ್ಲ, ಆದರೂ ಆ ಬಳೆಯಿಂದ ಆ ಹಗ್ಗ, ಆ ಹಗ್ಗ ಇನ್ನೂ —